ಗೋಡೆಯೊಳಗಣ ಗಣಕ

ಹಾಲೆಂಡಿನ ದಕ್ಷಿಣದಲ್ಲಿ, ಉತ್ತರ ಬ್ರಾಬಾಂಟ್ ಎಂಬ ಪ್ರಾಂತದಲ್ಲಿ, ಐಂಡ್‌ಹೋವನ್ ನಗರದಿಂದ ರೈಲಿನಲ್ಲಿ ಕೆಲವೇ ನಿಮಿಷಗಳ ದೂರದಲ್ಲಿರುವ ಬೆಸ್ಟ್ ಎಂಬ ಊರು ಪ್ರವಾಸಿಗಳ ಕೈಪಿಡಿಗಳಲ್ಲಿ ಹೆಚ್ಚು ಸ್ಥಳವನ್ನು ಪಡೆದುದಲ್ಲ. ಅಲ್ಲಿಯ ಜನ ಹಿಂದೆ ಪಾಪ್ಲರ್ ಮರಗಳನ್ನು ಬೆಳೆಸಿ, ಆ ಹಗುರವಾದ ಮರವನ್ನು ಕೆತ್ತಿ, ಡಚ್ ರೈತರು ಕೆಸರಿನಲ್ಲಿ ಮೆಟ್ಟಿ ನಡೆಯುವ ಮರದ ಜೋಡುಗಳನ್ನು ಮಾಡುತ್ತಿದ್ದರು. ನಮ್ಮ ಕಲ್ಕತ್ತೆಯ ಸಮೀಪದಲ್ಲಿ ಬಾಟಾನಗರವನ್ನು ಕಟ್ಟಿದ ಚೆಕ್ ದೇಶದ ಸಂಸ್ಥೆಯೇ 1930ರ ದಶಕದಲ್ಲಿ ಇಲ್ಲಿಯೂ ಒಂದು ಪಾದರಕ್ಷೆಯ ಕಾರ್ಖಾನೆಯನ್ನು ಸ್ಥಾಪಿಸಿ, ಕೆಲಸಗಾರರಿಗಾಗಿ ಬಾಟಾಡಾರ್ಪ್ ಎಂಬ ಸಣ್ಣ ಹಳ್ಳಿಯನ್ನೇ ನಿರ್ಮಿಸಿತು. ಈಗ ಊರಿನ ಕಸುಬು ಬೇರೆ. 1891ರಲ್ಲಿ ಐಂಡ್‌ಹೋವನ್ನಿನಲ್ಲಿ ವಿದ್ಯುದ್ದೀಪಗಳನ್ನು ಮಾಡಲು ತೊಡಗಿದ ಫಿಲಿಪ್ಸ್ ಸಂಸ್ಥೆಯ ವೈದ್ಯಕೀಯ ಯಂತ್ರಗಳ ವಿಭಾಗ ಬೆಸ್ಟ್‌ನಲ್ಲಿದೆ. ಶರೀರವನ್ನು ಕೊಯ್ಯದೆ ಒಳಗನ್ನು ತೋರಿಸುವ ಎಂ.ಆರ್.ಐ. ಯಂತ್ರಗಳೂ, ಹೃದಯದ ರಕ್ತನಾಳಗಳನ್ನು ಎಕ್ಸ್-ರೇಯ ಬೆಳಕಿನಲ್ಲಿ ನೋಡುತ್ತ ಚಿಕಿತ್ಸೆ ಮಾಡಲು ನೆರವಾಗುವ ಯಂತ್ರಗಳೂ ಇಲ್ಲಿಂದ ಜಗತ್ತಿಗೆ ಹೋಗುತ್ತವೆ. ಅದೇ ಸಂಸ್ಥೆಯ ತಂತ್ರಾಂಶ ಕೇಂದ್ರವೊಂದು 1996ರಿಂದ ಬೆಂಗಳೂರಿನಲ್ಲಿರುವುದರಿಂದ, ಬೆಸ್ಟ್‌ನಲ್ಲಿ ಕೂಡಿಸಿದ ಯಂತ್ರದ ಬುದ್ಧಿಯ ಒಂದಂಶ ನಮ್ಮ ನಾಡಿನಲ್ಲಿ ಹುಟ್ಟಿದುದೆಂದು ಹೇಳಿದರೆ ಅದು ಅಭಿಮಾನದ ಅತ್ಯುಕ್ತಿಯಲ್ಲ. ಸಂಜೆಯ ಹೊತ್ತು ಅಲ್ಲಿಯ ಬೀದಿಗಳಲ್ಲಿ ಮಗುವನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುವ ತಾಯಂದಿರ ಬಾಯಲ್ಲಿ ಧಾರವಾಡದ, ಹಾಸನದ ಕನ್ನಡ ಕಿವಿಗೆ ಬೀಳುವುದುಂಟು.

ಗಣಕವು ಮೇಜನ್ನು ಬಿಟ್ಟು ಗೋಡೆಗೆ, ದೀಪಕ್ಕೆ, ಬಾಗಿಲಿಗೆ, ಹಾಸಿಗೆಗೆ ಹೊಕ್ಕು ಕಣ್ಮರೆಯಾಗುವ ಸ್ಥಿತಿಯನ್ನು, ಎಂದರೆ ಸರ್ವವ್ಯಾಪಿ ಗಣನವೆಂದು ಕರೆಯುವ ವ್ಯವಸ್ಥೆಯನ್ನು ಕುರಿತು ಆಲೋಚಿಸಲು ಈ ಊರಿಗಿಂತ ತಕ್ಕ ಸ್ಥಳವನ್ನು ನಾನು ಕಂಡಿಲ್ಲ. ಈ ಭಾವನೆಗೆ ಹೆಸರಿಟ್ಟವನು ಅಮೆರಿಕದ ಮಾರ್ಕ್ ವೈಸರ್. 1988ರಲ್ಲಿ, ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಅವನು ಈ ದಿಕ್ಕಿನಲ್ಲಿ ಕೆಲಸವನ್ನಾರಂಭಿಸಿ, 1991ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಲೋಕದ ಗಮನವನ್ನು ಸೆಳೆದನು. ಉತ್ತಮವಾದ ಯಂತ್ರ ತನ್ನ ಇರವನ್ನು ಮರೆಸುವ ಯಂತ್ರ ಎಂಬುದು ಅವನ ವಾದದ ತಿರುಳು. 1999ರಲ್ಲಿ, ಐವತ್ತು ತುಂಬುವುದಕ್ಕೂ ಮೊದಲೇ ಆತ ತೀರಿಕೊಂಡನು. ಆದರೆ ಆ ಬೀಜಕ್ಕೆ ಯೂರೋಪಿನಲ್ಲಿ ನೆಲ ದೊರೆತದ್ದು ಐಂಡ್‌ಹೋವನ್ನಿನಲ್ಲಿ. ಅಲ್ಲಿ ಎಮಿಲ್ ಆರ್ಟ್ಸ್ ಮೊದಲಾದ ಫಿಲಿಪ್ಸ್ ಸಂಶೋಧಕರು, ಮನುಷ್ಯನ ಸುತ್ತಣ ಪರಿಸರವೇ ಅವನನ್ನು ಅರಿತು ನಡೆದುಕೊಳ್ಳುವಂತಾಗಬೇಕೆಂದು ಬಯಸಿ, 2002ರ ಏಪ್ರಿಲ್‌ನಲ್ಲಿ ಹೋಮ್‌ಲ್ಯಾಬ್ ಎಂಬ ಒಂದು ಮನೆಯನ್ನೇ ಪ್ರಯೋಗಶಾಲೆಯಾಗಿ ತೆರೆದರು. ಅಡುಗೆಯ ಮನೆ, ಮಲಗುವ ಕೋಣೆ, ಬಚ್ಚಲು ಎಲ್ಲವೂ ಇದ್ದ ಆ ಮನೆಯಲ್ಲಿ ಸ್ವಇಚ್ಛೆಯಿಂದ ಬಂದವರು ಕೆಲಕಾಲ ವಾಸಿಸುತ್ತಿದ್ದರು. ಕ್ಯಾಮೆರಾಗಳೂ ಮೈಕ್ರೋಫೋನುಗಳೂ ಅವರ ನಡೆನುಡಿಯನ್ನು ಸಂಶೋಧಕರಿಗೆ ತೋರಿಸುತ್ತಿದ್ದುವು. ಆ ವಾಸಿಗಳಿಗೆ ತಮ್ಮನ್ನು ನೋಡುತ್ತಿರುವವರುಂಟೆಂದು ತಿಳಿದಿತ್ತು, ನೋಡುವವರು ಯಾರೆಂದೂ ತಿಳಿದಿತ್ತು, ಬೇಡವೆನಿಸಿದ ದಿನ ಬಾಗಿಲನ್ನು ತೆರೆದು ಮನೆಗೆ ಹೋಗುವ ಸ್ವಾತಂತ್ರ್ಯವೂ ಇತ್ತು. ಇಂದು ನಮ್ಮ ಮನೆಗಳೇ ಹೋಮ್‌ಲ್ಯಾಬ್‌ಗಳಾಗಿವೆ. ಈ ಮೂರು ಮಾತ್ರ ನಮಗೆ ಉಳಿದಿಲ್ಲ.

ಕಣ್ಮರೆಯಾದ ಗಣಕದಿಂದ ಆಗುವ ಉಪಕಾರವನ್ನು ಮೊದಲು ಹೇಳಬೇಕು. ಹಾಗೆ ಹೇಳದೆ ದೂರತೊಡಗುವುದು ಅನ್ಯಾಯ. ಎಂ.ಆರ್.ಐ. ಕೊಳವೆಯೊಳಗೆ ಮಲಗಿದವರಿಗೆ ಅದರ ಭೀತಿ ಗೊತ್ತು: ಇಕ್ಕಟ್ಟು, ಅಲುಗಾಡಬಾರದೆಂಬ ಕಟ್ಟಪ್ಪಣೆ, ಬಡಿಗೆಯಿಂದ ಲೋಹವನ್ನು ಹೊಡೆಯುವಂತಹ ಶಬ್ದ. ಚಿಕ್ಕ ಮಕ್ಕಳು ಹೆದರಿ ಅಲುಗಾಡಿದರೆ ಚಿತ್ರ ಕದಡುವುದರಿಂದ ಅವರಿಗೆ ಅನೇಕ ವೇಳೆ ಮಂಪರಿನ ಔಷಧಿ ಕೊಡಬೇಕಾಗುತ್ತದೆ. ಇದನ್ನು ತಪ್ಪಿಸಲು ಫಿಲಿಪ್ಸ್ ಸಂಸ್ಥೆಯವರು ಸ್ಕ್ಯಾನಿಂಗ್ ಕೋಣೆಯನ್ನೇ ಬದಲಾಯಿಸಿದರು. ಕೋಣೆಗೆ ಬರುವ ಮುನ್ನ ಮಗು ತನಗೆ ಮೆಚ್ಚಿಗೆಯಾದ ಒಂದು ಪ್ರಾಣಿಯ ಬೊಂಬೆಯನ್ನು ಆರಿಸಿಕೊಂಡು, ಆಟಿಕೆಯಂತಿರುವ ಪುಟ್ಟ ಸ್ಕ್ಯಾನರಿನೊಳಗೆ ತಾನೇ ಮಲಗಿಸುತ್ತದೆ. ಬೊಂಬೆಯೊಳಗೆ ಅಡಗಿರುವ ಸಣ್ಣ ಗುರುತಿನ ಚಿಪ್ಪನ್ನು ಯಂತ್ರ ಓದಿಕೊಂಡು, ಆ ಪ್ರಾಣಿಯ ಕಥೆಯನ್ನು ಪರದೆಯಲ್ಲಿ ಹೇಳಿ, ತನಗೂ ನಡೆಯಲಿರುವುದು ಇದೇ ಎಂದು ಮಗುವಿಗೆ ಮನವರಿಕೆ ಮಾಡಿಕೊಡುತ್ತದೆ. ದೊಡ್ಡ ಕೋಣೆಯ ಗೋಡೆಗಳ ಮೇಲೆ ಮಗುವೇ ಆಯ್ದ ಬಣ್ಣವೂ ಚಿತ್ರವೂ ಹರಡುತ್ತವೆ. ಹೀಗೆ ಭಯದ ಜಾಗದಲ್ಲಿ ಕುತೂಹಲವನ್ನು ತಂದಿಟ್ಟ ಬುದ್ಧಿಯನ್ನು ನಾನು ಹೃತ್ಪೂರ್ವಕವಾಗಿ ಕೊಂಡಾಡುತ್ತೇನೆ.

ಆದರೆ ಆ ಕೋಣೆಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಬೇರೊಂದು ವಸ್ತು. ಒಳಗೆ ಮಲಗುವ ಪ್ರತಿಯೊಬ್ಬ ರೋಗಿಯ ಕೈಗೂ, ನಿಂಬೆಯ ಹಣ್ಣಿನ ಗಾತ್ರದ, ಕೊಳವೆಯೊಂದರ ತುದಿಗೆ ಜೋಡಿಸಿದ ಒಂದು ರಬ್ಬರಿನ ಚೆಂಡನ್ನು ಕೊಡುತ್ತಾರೆ. ತಡೆಯಲಾರದಷ್ಟು ಸಂಕಟವಾದರೆ ಅದನ್ನು ಹಿಚುಕಬೇಕು. ಬೆಸ್ಟ್‌ನಲ್ಲಿಯೇ ಇಂಜಿನಿಯರನಾಗಿರುವ ನನ್ನ ಅಕ್ಕನ ಮಗನನ್ನು, ಇಷ್ಟೊಂದು ಗಣಕಗಳ ನಡುವೆ ಇದೇಕೆ ಎಂದು ಕೇಳಿದೆನು.

"ಹಿಚುಕಿದರೆ ಗಾಳಿ ಹೋಗಿ ಆಚೆ ಕೋಣೆಯಲ್ಲಿ ಗಂಟೆ ಹೊಡೆಯುತ್ತೆ ಮಾವ, ಅಷ್ಟೇ. ಆ ಅಯಸ್ಕಾಂತದ ಹತ್ತಿರ ತಂತಿ, ಲೋಹ ಬೇಡ ಅಂತ. ಮತ್ತೆ ರೋಗಿಗೆ ತಾನು ಕರೆದರೆ ಯಾರಾದರೂ ಬರುತ್ತಾರೆ ಅನ್ನೋದು ಕೈಯಲ್ಲೇ ಇರಬೇಕು."

ಅವನ ಉತ್ತರದ ಎರಡನೆಯ ಭಾಗದಲ್ಲಿ, ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲವೂ ಇದೆ. ಲಕ್ಷಗಟ್ಟಲೆ ಲೆಕ್ಕಗಳನ್ನು ನಿಮಿಷದೊಳಗೆ ಮಾಡಿ ಮುಗಿಸುವ ವ್ಯವಸ್ಥೆಯ ಹೃದಯಸ್ಥಾನದಲ್ಲಿ, ಅದನ್ನು ಕಟ್ಟಿದವರೇ, ಅಸಹಾಯನಾಗಿ ಮಲಗಿದ ಮನುಷ್ಯನಿಗೆ ಯಂತ್ರವನ್ನು ನಿಲ್ಲಿಸಿರೆಂದು ಕರೆಯುವ ಒಂದು ಅಧಿಕಾರವನ್ನು ಇಟ್ಟಿದ್ದಾರೆ. ಗಣಕವು ಆಸ್ಪತ್ರೆಯನ್ನು ದಾಟಿ ಮನೆಗೂ ಬೀದಿಗೂ ಸರ್ಕಾರದ ಕಚೇರಿಗೂ ಹಬ್ಬಿದಾಗ ಈ ಚೆಂಡು ಎಲ್ಲಿ ಹೋಯಿತು?

ವೈಸರ್ ತನ್ನ ವಾದಕ್ಕೆ ಅಕ್ಷರವಿದ್ಯೆಯ ದೃಷ್ಟಾಂತವನ್ನು ಕೊಟ್ಟಿದ್ದನು: ಬರಹವು ಪುಸ್ತಕದಿಂದ ಹಿಡಿದು ಬೀದಿಯ ಫಲಕದವರೆಗೆ, ಮಿಠಾಯಿಯ ಹೊದಿಕೆಯವರೆಗೆ ಎಲ್ಲೆಡೆಯೂ ಇದ್ದರೂ ನಮ್ಮ ಗಮನವನ್ನು ಬೇಡದೆ ಸಹಾಯ ಮಾಡುತ್ತದೆ, ಗಣಕವೂ ಹಾಗಾಗಬೇಕು. ದೃಷ್ಟಾಂತ ಸುಂದರವಾಗಿದೆ, ಆದರೆ ಅರ್ಧ ಮಾತ್ರ ನಿಜ. ಅಕ್ಷರವನ್ನು ಕಲಿತವನು ಎದುರಿಗಿರುವ ಬರಹವನ್ನು ತಾನೇ ಓದಬಲ್ಲನು. ಗೋಡೆಯೊಳಗಣ ಸಂವೇದಕವಾದರೋ ನಮ್ಮನ್ನು ಓದುತ್ತದೆಯೇ ಹೊರತು ನಮ್ಮ ಓದಿಗೆ ಸಿಕ್ಕುವುದಿಲ್ಲ. ನಮ್ಮ ಪೂರ್ವಿಕರು ಭೂಮಿಯನ್ನು ದತ್ತಿ ಬಿಟ್ಟಾಗ ಅದರ ಎಲ್ಲೆಯನ್ನೂ, ಕೊಟ್ಟವನ ಹೆಸರನ್ನೂ, ಪಡೆದವನ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿ ದೇವಸ್ಥಾನದ ಮುಂದೆಯೋ ಕೆರೆಯ ಏರಿಯ ಮೇಲೆಯೋ ನಿಲ್ಲಿಸಿದರು. ಊರಿನವರೆಲ್ಲ ಓದಬಲ್ಲವರಾಗಿದ್ದರೆಂದಲ್ಲ, ಆದರೆ ಓದಬಲ್ಲವನೊಬ್ಬನನ್ನು ಕರೆತಂದು, ಇಲ್ಲಿ ಏನು ಬರೆದಿದೆ ನೋಡು ಎನ್ನಲು ಅವಕಾಶವಿದ್ದಿತು. ಅಧಿಕಾರದ ದಾಖಲೆ ಬಯಲಿನಲ್ಲಿ ನಿಂತಿರಬೇಕೆಂಬ ಆ ವಿವೇಕ ಈ ಕಾಲಕ್ಕೆ ಅತ್ಯಂತ ಅವಶ್ಯವಾದುದು.

ಡಚ್ ಮನೆಗಳಲ್ಲಿ ಮುಂಬಾಗಿಲಿನ ಪಕ್ಕದಲ್ಲಿ ಒಂದು ಕಿರಿದಾದ ಕಪಾಟು ಇರುತ್ತದೆ. ನೀರಿನ ಮೀಟರು, ಅನಿಲದ ಮೀಟರು, ವಿದ್ಯುತ್ತಿನ ಮೀಟರು, ಅಂತರ್ಜಾಲದ ಪೆಟ್ಟಿಗೆ ಎಲ್ಲವೂ ಅದರೊಳಗೆ. ಅಕ್ಕನ ಮಗನ ಮನೆಯ ಕಪಾಟನ್ನು ತೆರೆದು ನೋಡಿದೆನು. ವಿದ್ಯುತ್ತಿನ ಸ್ಮಾರ್ಟ್ ಮೀಟರಿನ ಸಣ್ಣ ಗಾಜಿನ ಮೇಲೆ 1.8.1, 1.8.2 ಎಂಬ ಸಂಕೇತಗಳೂ, ಅವುಗಳ ಎದುರು ಕಡಿಮೆ ದರದ ಹೊತ್ತಿನಲ್ಲಿ ಬಳಸಿದುದೆಷ್ಟು, ಸಾಮಾನ್ಯ ದರದ ಹೊತ್ತಿನಲ್ಲಿ ಬಳಸಿದುದೆಷ್ಟು ಎಂಬ ಅಂಕಿಗಳೂ, ಅನಂತರ 2.8.1, 2.8.2 ಎಂದು ಮಾಡಿನ ಸೌರಫಲಕಗಳು ಹಿಂದಕ್ಕೆ ಕೊಟ್ಟುದರ ಲೆಕ್ಕವೂ ಒಂದಾದ ಮೇಲೊಂದರಂತೆ ಬರುತ್ತಿದ್ದುವು. ಮೀಟರಿನ ಮೈಯಲ್ಲಿ ಹಳೆಯ ದೂರವಾಣಿಯ ತಂತಿಯನ್ನು ಸಿಕ್ಕಿಸುವಂತಹ ಒಂದು ಪುಟ್ಟ ಕಿಂಡಿಯುಂಟು. ಪಿ-ಒನ್ ಎಂದು ಅದರ ಹೆಸರು. ಮೀಟರು ಕಂಪನಿಗೆ ಹೇಳುವುದನ್ನು ಮನೆಯವರೂ ನೇರವಾಗಿ, ಮತ್ತೂ ಸೂಕ್ಷ್ಮವಾಗಿ ಕೇಳಿಕೊಳ್ಳಲೆಂದೇ ಇರಿಸಿದ ಕಿಂಡಿ ಅದು.

ಈ ಮೀಟರು ಇಂದಿನ ರೂಪಕ್ಕೆ ಬಂದುದು ಒಂದು ಹೋರಾಟದಿಂದ. 2008ರಲ್ಲಿ ಡಚ್ ಸಂಸತ್ತಿನ ಕೆಳಮನೆ ಒಪ್ಪಿದ ಮಸೂದೆಯ ಪ್ರಕಾರ ಈ ಮೀಟರು ಎಲ್ಲ ಮನೆಗಳಿಗೂ ಕಡ್ಡಾಯ. ಬೇಡವೆನ್ನುವುದು ಆರ್ಥಿಕ ಅಪರಾಧ, ಅದಕ್ಕೆ ದಂಡವೋ ಸೆರೆವಾಸವೋ ವಿಧಿಸಬಹುದಾಗಿತ್ತು. ವಿದ್ಯುತ್ತಿನ ಲೆಕ್ಕ ಕಾಲುಗಂಟೆಗೊಮ್ಮೆ, ಅನಿಲದ ಲೆಕ್ಕ ಗಂಟೆಗೊಮ್ಮೆ ದಾಖಲಾಗಿ ವಿತರಣಾ ಸಂಸ್ಥೆಯನ್ನು ಸೇರತಕ್ಕದ್ದಾಗಿತ್ತು. ಕಾಲುಗಂಟೆಯ ಲೆಕ್ಕವೆಂದರೆ ಏನೆಂಬುದನ್ನು ಗೃಹಸ್ಥರಾದ ಓದುಗರು ಊಹಿಸಿಕೊಳ್ಳಬೇಕು. ಮನೆಯವರು ಏಳುವ ಹೊತ್ತು, ಮಲಗುವ ಹೊತ್ತು, ಊರಿಗೆ ಹೋದ ದಿನ, ಏಕಾದಶಿಯೆಂದು ಒಲೆ ಹೊತ್ತಿಸದ ದಿನ, ಬಾಣಂತಿಯ ಕೋಣೆಯಲ್ಲಿ ರಾತ್ರಿಯೆಲ್ಲ ದೀಪ ಉರಿದ ವಾರ, ಕೆಲಸ ಹೋದವನು ಹಗಲೆಲ್ಲ ಮನೆಯಲ್ಲಿ ಕುಳಿತ ತಿಂಗಳು, ಇವೆಲ್ಲವೂ ಆ ಅಂಕಿಗಳ ಏರಿಳಿತದಲ್ಲಿ ಒಬ್ಬ ಅಪರಿಚಿತನಿಗೆ ತಿಳಿಯುತ್ತವೆ. ನೆರೆಮನೆಯವಳಿಗೂ ಇವು ತಿಳಿಯುತ್ತಿದ್ದುವಲ್ಲ ಎನ್ನಬಹುದು. ಆದರೆ ಅವಳ ಮನೆಯ ಸುದ್ದಿ ನಮಗೂ ತಿಳಿಯುತ್ತಿದ್ದಿತು, ಆ ಸಮತೆಯೇ ಆ ತಿಳಿವಳಿಕೆಗೆ ಲಗಾಮಾಗಿದ್ದಿತು.

ಬೆಸ್ಟ್‌ನ ಪ್ರಾಂತದಲ್ಲಿಯೇ ಇರುವ ಟಿಲ್ಬರ್ಗ್ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರಜ್ಞರಿಬ್ಬರು ಡಚ್ ಗ್ರಾಹಕ ಸಂಘದ ಕೋರಿಕೆಯ ಮೇಲೆ ಈ ಮಸೂದೆಯನ್ನು ಪರಿಶೀಲಿಸಿ, ಯೂರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 8ನೆಯ ವಿಧಿಗೆ, ಎಂದರೆ ಮನೆಯ ಮತ್ತು ಕುಟುಂಬಜೀವನದ ಗೌರವಕ್ಕೆ, ಇದು ವಿರುದ್ಧವಾದುದೆಂದು ವರದಿ ಕೊಟ್ಟರು. 2009ರ ಏಪ್ರಿಲ್‌ನಲ್ಲಿ ಮೇಲ್ಮನೆ ಕಡ್ಡಾಯಕ್ಕೆ ಒಪ್ಪಿಗೆಯನ್ನು ಕೊಡಲಿಲ್ಲ. 2011ರಲ್ಲಿ ತಿದ್ದಿದ ಕಾನೂನು ಬಂದಾಗ ಗೃಹಸ್ಥನಿಗೆ ಆಯ್ಕೆಗಳು ದೊರೆತುವು: ಮೀಟರು ಬೇಡವೆನ್ನಬಹುದಾಗಿತ್ತು; ಮೀಟರಿದ್ದರೂ ದೂರದಿಂದ ಓದಬೇಡಿರೆನ್ನಬಹುದಾಗಿತ್ತು; ಸೂಕ್ಷ್ಮವಾದ ಲೆಕ್ಕಕ್ಕೆ ತಾನಾಗಿ ಅನುಮತಿ ಕೊಡಬಹುದಾಗಿತ್ತು. ವಿಶೇಷವೇನೆಂದರೆ, ಹೀಗೆ ನಿರಾಕರಣೆಯ ಹಕ್ಕನ್ನು ಕೊಟ್ಟ ಮೇಲೆ ಬಹುಸಂಖ್ಯೆಯ ಜನ ಮೀಟರನ್ನು ಸ್ವೀಕರಿಸಿದರು. ಬೇಡವೆನ್ನಲು ಬಂದಾಗಲೇ ಬೇಕೆಂಬ ಮಾತಿಗೆ ಅರ್ಥ ಬರುತ್ತದೆಂಬುದನ್ನು ನಮ್ಮ ಆಡಳಿತಗಾರರು ಇನ್ನೂ ನಂಬಿದಂತೆ ತೋರುವುದಿಲ್ಲ.

ಹಾಲೆಂಡ್ ಈ ವಿಷಯದಲ್ಲಿ ಸದಾ ವಿವೇಕದಿಂದ ನಡೆದುಕೊಂಡಿತೆಂದು ಹೇಳಲಾಗದು. ಬಡವರಿರುವ ಬಡಾವಣೆಗಳನ್ನು ಆರಿಸಿಕೊಂಡು, ಸರ್ಕಾರದ ನಾನಾ ಇಲಾಖೆಗಳ ದಾಖಲೆಗಳನ್ನು ಬೆರೆಸಿ, ವಂಚನೆ ಮಾಡಬಹುದಾದವರ ಪಟ್ಟಿಯನ್ನು ತೆಗೆಯುತ್ತಿದ್ದ ಸಿರಿ ಎಂಬ ಗಣಕವ್ಯವಸ್ಥೆ ಅಲ್ಲಿದ್ದಿತು. ಅದರ ಲೆಕ್ಕದ ರೀತಿ ಗುಟ್ಟಾಗಿದ್ದುದರಿಂದ, ಪಟ್ಟಿಯಲ್ಲಿ ಹೆಸರಿದ್ದವನಿಗೆ ಅದೇಕೆ ಬಂದಿತೆಂದು ತಿಳಿಯುವ ದಾರಿಯೇ ಇರಲಿಲ್ಲ. ನಾಗರಿಕ ಸಂಸ್ಥೆಗಳು ಹೂಡಿದ ದಾವೆಯಲ್ಲಿ ಟೊಮ್ಮಿ ವೀರಿಂಗ, ಮ್ಯಾಕ್ಸಿಮ್ ಫೆಬ್ರುಆರಿ ಎಂಬ ಇಬ್ಬರು ಸಾಹಿತಿಗಳೂ ಜೊತೆಗೂಡಿದ್ದರು; ಲೇಖಕನಾದವನು ಈ ಸಂಗತಿಯನ್ನು ಓದಿ ಸಂತೋಷಪಡದೆ ಇರಲಾರ. 2020ರ ಫೆಬ್ರವರಿ 5ರಂದು ಹೇಗ್‌ನ ನ್ಯಾಯಾಲಯ ಆ ವ್ಯವಸ್ಥೆ ಅದೇ ಒಡಂಬಡಿಕೆಯ 8ನೆಯ ವಿಧಿಗೆ ವಿರುದ್ಧವೆಂದು ತೀರ್ಪಿತ್ತಿತು. ಅದಕ್ಕಿಂತಲೂ ದಾರುಣವಾದುದು ಶಿಶುಪಾಲನೆಯ ಭತ್ಯದ ಪ್ರಕರಣ. ಸಣ್ಣ ತಪ್ಪುಗಳಿಗೆ, ಎಷ್ಟೋ ವೇಳೆ ತಪ್ಪೇ ಇಲ್ಲದೆ, ಸಾವಿರಾರು ತಂದೆತಾಯಿಗಳನ್ನು ವಂಚಕರೆಂದು ಗುರುತಿಸಿ ವರ್ಷಗಳ ಭತ್ಯವನ್ನು ಹಿಂದಕ್ಕೆ ಕೇಳಲಾಯಿತು. ಅಪಾಯವನ್ನು ಅಂದಾಜು ಮಾಡುವ ಗಣಕದ ಸೂತ್ರದಲ್ಲಿ ಡಚ್ ಪೌರತ್ವ ಇಲ್ಲದಿರುವುದೂ ಒಂದು ಅಂಶವಾಗಿದ್ದಿತು. ಮನೆಗಳು ಮಾರಾಟವಾದುವು, ಸಂಸಾರಗಳು ಒಡೆದುವು. 2021ರ ಜನವರಿ 15ರಂದು ಮಂತ್ರಿಮಂಡಲವೇ ರಾಜೀನಾಮೆ ಕೊಡಬೇಕಾಯಿತು. ಪರದೇಶಕ್ಕೆ ಹೋಗಿ ನೆಲೆಸಿದ ನಮ್ಮವರಿಗೆ ಈ ಸಂಗತಿ ತಟ್ಟದೆ ಹೋಗುವುದಿಲ್ಲ. ನಾಳೆ ಅಂತಹ ಒಂದು ಸೂತ್ರ ಅವರ ಹೆಸರಿನ ಮೇಲೂ ಬೆರಳಿಡಬಹುದು.

ಇನ್ನು ನಮ್ಮ ನಾಡಿನ ಮಾತು. ಕರ್ನಾಟಕವು ಇದೇ ಶತಮಾನದ ಆರಂಭದಲ್ಲಿ ಲೋಕಕ್ಕೆ ಮಾದರಿಯಾಗಬಲ್ಲ ಒಂದು ಕಾರ್ಯವನ್ನು ಮಾಡಿತೆಂಬುದನ್ನು ನಾವೇ ಮರೆತಿದ್ದೇವೆ. ಶಾನುಭೋಗರ, ಅನಂತರ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಸೇರಿಸಿದ ಭೂಮಿ ಯೋಜನೆಯಲ್ಲಿ, ತಾಲ್ಲೂಕು ಕಚೇರಿಯ ಕಿಂಡಿಯ ಮುಂದೆ ನಿಂತ ರೈತನಿಗೆ 15 ರೂಪಾಯಿಗೆ ಪಹಣಿ ಸಿಗುವಂತಾಯಿತು. ಅದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಆ ಕಿಂಡಿಯಲ್ಲಿದ್ದ ಎರಡನೆಯ ಪರದೆ. ಗುಮಾಸ್ತೆಯ ಎದುರು ಒಂದು ಪರದೆ, ರೈತನ ಕಡೆಗೆ ಮುಖಮಾಡಿದ ಇನ್ನೊಂದು. ಸರ್ವೆ ನಂಬರು, ಎಕರೆ, ಗುಂಟೆ, ಹಿಸ್ಸೆ, ಖಾತೆದಾರನ ಹೆಸರು ಎಲ್ಲವೂ ಅವನ ಕಣ್ಣೆದುರಿನಲ್ಲಿಯೇ ಕನ್ನಡದಲ್ಲಿ ಮೂಡುತ್ತಿದ್ದುವು. ತಪ್ಪಾಗಿದ್ದರೆ, ಅಯ್ಯಾ, ನಮ್ಮಪ್ಪನ ಹೆಸರು ಹಾಗಲ್ಲ ಎಂದು ಅವನು ಆಗಲೇ ಹೇಳಬಹುದಾಗಿತ್ತು. ದಾಖಲೆಗಳು ಹೀಗೆ ಸುಲಭವಾಗಿ ದೊರೆತುದರಿಂದ ಭೂಮಿಯನ್ನು ಸಗಟಾಗಿ ಕೊಳ್ಳುವ ದೊಡ್ಡವರಿಗೂ ಅನುಕೂಲವಾಯಿತೆಂಬ ಆಕ್ಷೇಪಣೆ ಇದೆ, ಅದರಲ್ಲಿ ಸತ್ಯವೂ ಇದೆ. ಆದರೂ ಪ್ರಜೆಯತ್ತ ತಿರುಗಿದ ಆ ಪರದೆ, ಬೆಸ್ಟ್‌ನ ಮೀಟರಿನಲ್ಲಿರುವ ಕಿಂಡಿ, ರೋಗಿಯ ಕೈಯ ಚೆಂಡು, ಈ ಮೂರೂ ಒಂದೇ ಕುಲದವು.

ಅದೇ ಕರ್ನಾಟಕದಲ್ಲಿ 2025ರಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡಿದಾಗ ನಡೆದ ಚರ್ಚೆಯನ್ನು ನಾನು ಪತ್ರಿಕೆಗಳಲ್ಲಿ ಗಮನವಿಟ್ಟು ಓದಿದೆನು. ಮೀಟರಿನ ಬೆಲೆ ಹೆಚ್ಚಾಯಿತೆಂದು ಜನ ದೂರಿದರು, ಗುತ್ತಿಗೆಯ ವಿಷಯದಲ್ಲಿ ವಿರೋಧಪಕ್ಷ ಆರೋಪ ಮಾಡಿತು, ವ್ಯಾಜ್ಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಸಾವಿರಾರು ರೂಪಾಯಿ ತೆರಬೇಕಾದ ಸಾಮಾನ್ಯ ಗೃಹಸ್ಥನಿಗೆ ಬೆಲೆಯ ಮಾತು ಸಣ್ಣದೆಂದು ಯಾರೂ ಹೇಳಲಾರರು. ಆದರೆ ಮೀಟರು ಏನನ್ನು ದಾಖಲು ಮಾಡುತ್ತದೆ, ಆ ದಾಖಲೆ ಎಷ್ಟು ಕಾಲ ಯಾರ ಬಳಿ ಇರುತ್ತದೆ, ಬೇರೆ ಯಾರಿಗೆ ಹೋಗಬಹುದು ಎಂಬ ಪ್ರಶ್ನೆಗೆ, ಹಾಲೆಂಡಿನ ಮೇಲ್ಮನೆಯನ್ನು ತಡೆದು ನಿಲ್ಲಿಸಿದ ಆ ಒಂದೇ ಪ್ರಶ್ನೆಗೆ, ನಮ್ಮಲ್ಲಿ ದೊರೆತ ಸ್ಥಳ ತೀರ ಸ್ವಲ್ಪ. ಇದರಿಂದ ನನಗೆ ವ್ಯಥೆಯಾಯಿತು. ಬಡವನಿಗೆ ಖಾಸಗಿತನವೇಕೆ ಎಂದು ಕೇಳುವವರಿದ್ದಾರೆ. ಆ ಭತ್ಯದ ಪ್ರಕರಣದಲ್ಲಿ ಮನೆ ಕಳೆದುಕೊಂಡವರು ಶ್ರೀಮಂತರಾಗಿರಲಿಲ್ಲವೆಂಬುದೇ ಅವರಿಗೆ ಉತ್ತರ.

ಈ ಪ್ರಶ್ನೆಯನ್ನು ಕೇಳಿದವರು ನಮ್ಮಲ್ಲಿ ಇಲ್ಲದೆ ಇಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದು ನಿವೃತ್ತರಾದ ಕೆ.ಎಸ್. ಪುಟ್ಟಸ್ವಾಮಿಯವರು, ವಿಶ್ರಾಂತಿಯನ್ನು ಬಯಸುವುದೇ ಸಹಜವಾದ ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರ ವಾದಿಸಿದಾಗ ಅದನ್ನು ನಿರ್ಣಯಿಸಲು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠ ಕೂಡಿ, 2017ರ ಆಗಸ್ಟ್ 24ರಂದು ಅದು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಮರುವರ್ಷ ಆಧಾರ್ ವ್ಯವಸ್ಥೆಯನ್ನು ನ್ಯಾಯಾಲಯ ಬಹುಮತದಿಂದ ಎತ್ತಿಹಿಡಿಯಿತಾದರೂ, ಖಾಸಗಿ ಕಂಪನಿಗಳು ಅದನ್ನು ಕೇಳುವುದಕ್ಕೆ ಮಿತಿಯನ್ನು ಹಾಕಿತು. ಪುಟ್ಟಸ್ವಾಮಿಯವರು 2024ರಲ್ಲಿ ನಿಧನರಾದರು. ಈ ದೇಶದ ಪ್ರತಿಯೊಬ್ಬ ಪ್ರಜೆಯ ಮನೆಯ ಬಾಗಿಲಿಗೂ ಒಂದು ಅಗುಳಿಯನ್ನು ಇಟ್ಟುಹೋದ ಆ ಹಿರಿಯರ ಹೆಸರು ನಮ್ಮ ಶಾಲೆಯ ಪಠ್ಯಗಳಲ್ಲಿ ಇರಬೇಕು.

ಆ ತೀರ್ಪಿನ ಹಾದಿಯಲ್ಲಿಯೇ 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಅಧಿನಿಯಮ ಬಂದಿದೆ. ಸರ್ಕಾರಕ್ಕೆ ಅದರಲ್ಲಿ ಕೊಟ್ಟಿರುವ ವಿನಾಯಿತಿಗಳು ಅತಿಯಾದುವೆಂಬ ಟೀಕೆಯನ್ನು ನಾನೂ ಒಪ್ಪುತ್ತೇನೆ. ಆದರೆ ಅದರಲ್ಲಿ ಒಂದು ಉಪಯುಕ್ತವಾದ ಮಾತಿದೆ: ಪ್ರಜೆಯ ಒಪ್ಪಿಗೆಯನ್ನು ಕೇಳುವ ಸೂಚನೆಯನ್ನು, ಅವನು ಬಯಸಿದರೆ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಿಯಾದರೂ ಓದಲು ಅವಕಾಶವಿರಬೇಕು. ಎಂದರೆ ಕನ್ನಡದಲ್ಲಿ ಕೇಳುವ ಹಕ್ಕನ್ನು ಕಾನೂನು ನಮಗಾಗಿ ಬರೆದಿಟ್ಟಿದೆ. ಆ ಸೂಚನೆಯ ಕನ್ನಡವನ್ನು ಇಂಗ್ಲಿಷಿನ ಕಾನೂನು ಪಾಠದಿಂದ ಯಂತ್ರ ತಿರುಗಿಸಿ ಕೊಟ್ಟರೆ ಯಾರಿಗೂ ಪ್ರಯೋಜನವಿಲ್ಲ. ಬೆಸ್ಟ್‌ನಲ್ಲಿಯೂ ಬೆಂಗಳೂರಿನಲ್ಲಿಯೂ ಗೋಡೆಯೊಳಗಣ ಗಣಕಕ್ಕೆ ಬುದ್ಧಿಯನ್ನು ಬರೆಯುವ ಕನ್ನಡದ ಹುಡುಗರು, ಹುಡುಗಿಯರು ಕನ್ನಡ ಬರೆಯಬಲ್ಲವರೊಡನೆ ಒಂದೆಡೆ ಕುಳಿತು, ಈ ಯಂತ್ರ ಏನನ್ನು ನೋಡುತ್ತದೆ, ಎಷ್ಟು ಹೊತ್ತಿಗೊಮ್ಮೆ, ಯಾರಿಗೆ ಹೇಳುತ್ತದೆ, ಬೇಡವೆಂದರೆ ಯಾರನ್ನು ಕಾಣಬೇಕು ಎಂಬ ನಾಲ್ಕು ಮಾತುಗಳನ್ನು ದೊಡ್ಡಬಳ್ಳಾಪುರದ ಒಬ್ಬ ಗೃಹಿಣಿಗೆ ಒಂದೇ ಓದಿನಲ್ಲಿ ತಿಳಿಯುವಂತೆ ಬರೆದುಕೊಡಬಲ್ಲರು. ಅಕ್ಕನ ಮಗನನ್ನು ಕೇಳಿದೆನು; ರಜದಲ್ಲಿ ಊರಿಗೆ ಬಂದಾಗ ತನ್ನ ಗೆಳೆಯರನ್ನೂ ಕರೆತರುವುದಾಗಿ ಒಪ್ಪಿದ್ದಾನೆ. ಮೊದಲು ಕೈಗೆತ್ತಿಕೊಳ್ಳಬೇಕಾದುದು ಬೆಸ್ಕಾಂನ ಮೀಟರು.